ಹೊಸ್ತಿನ ದಿನ ಹೋಟೆಲಿಗೆ ರಜೆ

ನಾನು ಕುಂದಾಪುರಕ್ಕೆ ಬಂದಿಳಿದ ಮೊದಲ ಮಧ್ಯಾಹ್ನ, ಗುರುತು ಪರಿಚಯ ಇಲ್ಲದ ಒಬ್ಬರು ನನ್ನ ತಟ್ಟೆ ನೋಡಿ ಬೇಸರ ಮಾಡಿಕೊಂಡರು.

ಹೋಟೆಲು ಕಿಕ್ಕಿರಿದಿತ್ತು. ಖಾಲಿ ಇದ್ದ ಒಂದೇ ಕುರ್ಚಿಯಲ್ಲಿ ಕುಳಿತಿದ್ದೆ. ಮೇ ತಿಂಗಳ ಸೆಕೆಗೆ ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತಿದ್ದರೆ, ಕುಡಿಯಲು ಹಬೆಯಾಡುವ ಬಿಸಿನೀರು ತಂದಿಟ್ಟರು. ಅನ್ನ ಕೇಳಿದರೆ "ಬೆಳ್ತಿಗೆಯಾ, ಕುಚ್ಚಿಗೆಯಾ?" ಎಂಬ ಪ್ರಶ್ನೆ ಬಂತು. ಬೆಳ್ತಿಗೆ ಎಂದರೆ ನಮ್ಮ ಬಿಳಿ ಅನ್ನ, ಕುಚ್ಚಿಗೆ ಎಂದರೆ ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿದ ಕೆಂಪು ಅಕ್ಕಿಯದು ಎಂದು ಆಗ ನನಗೇನು ಗೊತ್ತು? ಸುಮ್ಮನೆ ಎರಡನೆಯದು ಎಂದೆ. ಒಂದೊಂದು ಅಗುಳೂ ದಪ್ಪಗೆ ದುಂಡಗೆ, ಅಗಿಯದಿದ್ದರೆ ಒಳಗೆ ಹೋಗುವುದಿಲ್ಲ ಎಂದು ಹಠ ಹಿಡಿದಂತೆ ಕುಳಿತಿತ್ತು. ಎದುರಿಗೆ ಕುಳಿತವರು ಹುರಿದ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದರು. ನನ್ನ ತಟ್ಟೆಯಲ್ಲಿ ಬರೀ ಸಾರು ಕಂಡು ಅವರ ಕೈ ನಿಂತೇ ಹೋಯಿತು.

"ಎಂತ, ಮೀನ್ ಬ್ಯಾಡ್ದಾ?"

"ನಾವು ತಿನ್ನೂದಿಲ್ರಿ."

"ಅಯ್ಯೋ ಪಾಪ. ಬರೀ ಸಾರ್ ಹಾಕ್ಕಂಡ್ ಹ್ಯಾಂಗ್ ಉಂಬುದ್?" ಎಂದವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು, "ಹ್ವಾಯ್ ಜಲಜಕ್ಕ, ಇವ್ರಿಗೆ ಎಂತಾರೂ ಕೊಡಿ ಮಾರಾಯ್ರೆ!"

ಒಳಗಿನಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಬಂದು, ನನ್ನ ಮುಖ ನೋಡಿ ಏನನ್ನೂ ಕೇಳದೆ ಮಿಡಿಮಾವಿನ ಉಪ್ಪಿನಕಾಯಿಯನ್ನೂ ಎರಡು ಹಪ್ಪಳವನ್ನೂ ತಟ್ಟೆಗೆ ಹಾಕಿ ಹೋದರು. ಧಾರವಾಡದ ಖಾನಾವಳಿಗಳಲ್ಲಿ ಎಷ್ಟು ವರ್ಷ ಉಂಡಿದ್ದೇನೆ. ಬಡಿಸುವವರು ರೊಟ್ಟಿಯ ಮೇಲೆ ರೊಟ್ಟಿ ಹಾಕಿ ಉಪಚಾರ ಮಾಡುತ್ತಾರೆ, ಸುಳ್ಳಲ್ಲ. ಆದರೆ ಪಕ್ಕದ ಗಿರಾಕಿ ನನ್ನ ಊಟದ ಚಿಂತೆ ಹಚ್ಚಿಕೊಂಡದ್ದು ಇಲ್ಲ. ಆ ದಿನ ನನಗೆ ಅದು ಸಂತೋಷವನ್ನೇನೂ ಕೊಡಲಿಲ್ಲ. ಇವರಿಗೇಕೆ ನನ್ನ ಉಸಾಬರಿ ಅನಿಸಿತು.

ನಾನು ಇಲ್ಲಿನ ರಕ್ತ ಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆಂದು ಬಂದವಳು. ನಲವತ್ತಮೂರು ವಯಸ್ಸು, ಮದುವೆಯಾಗಿಲ್ಲ. ಮದುವೆಯ ವಿಷಯ ಈ ಊರಿನ ಹೋಟೆಲಿಗೆ ಎರಡನೆಯ ದಿನವೇ ಗೊತ್ತಾಯಿತು. ಗೊತ್ತಾಗದೆ ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ನನ್ನ ಬಾಡಿಗೆ ಮನೆಯ ಬೀಗದ ಕೈ ಇದ್ದದ್ದೇ ಅಲ್ಲಿ. ಮನೆಯ ಯಜಮಾನರು ಮುಂಬಯಿಯಲ್ಲಿದ್ದಾರೆ. "ಜಲಜಕ್ಕನ ಹೋಟ್ಲಂಗ್ ಮೊಳೆಗೆ ನೇತಾಕಿ ಇತ್ತ್, ತಕಣಿ" ಎಂದು ಫೋನಿನಲ್ಲಿ ಹೇಳಿದರು. ಹೋಗಿ ನೋಡಿದರೆ ಹಣದ ಗಲ್ಲಾದ ಹಿಂದಿನ ಗೋಡೆಯಲ್ಲಿ ಸಾಲಾಗಿ ಹೊಡೆದ ಮೊಳೆಗಳಿಗೆ ಹತ್ತು ಹನ್ನೆರಡು ಮನೆಗಳ ಬೀಗದ ಕೈಗಳು ತೂಗುತ್ತಿದ್ದವು. ಕೆಳಗೆ ಗ್ಯಾಸ್ ಸಿಲಿಂಡರು, ಯಾರದೋ ಕೊರಿಯರ್ ಪೊಟ್ಟಣ, ಸಿದ್ದಾಪುರದ ಬಸ್ಸಿಗೆ ಕೊಡಬೇಕಾದ ಔಷಧದ ಚೀಟಿ. ಪ್ಲಂಬರ್ ಬೇಕಾದರೂ, ಬಾವಿಗೆ ಬಿದ್ದ ಕೊಡ ತೆಗೆಸಬೇಕಾದರೂ ಅಲ್ಲಿಯೇ ಹೇಳಬೇಕು. ಜಲಜಕ್ಕನ ಗಂಡ ಶೀನಣ್ಣ ಇಪ್ಪತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಬಂದವರು. ಯಾವ ಕೆಲಸ ಹೇಳಿದರೂ "ಚಲೇಗಾ, ಆತ್ತ್" ಎನ್ನುವರು. ಆ ಕೆಲಸ ಆಗುತ್ತಿದ್ದದ್ದು ಜಲಜಕ್ಕ ನೆನಪಿಸಿದ ಮೇಲೆ.

ನಮ್ಮಲ್ಲಿ ಬೀಗದ ಕೈಯನ್ನು ಬೇರೆಯವರಲ್ಲಿ ಕೊಡುವುದೆಂದರೆ ದೊಡ್ಡ ಮಾತು. ಮೊದಲ ತಿಂಗಳು ನಾನು ನನ್ನದನ್ನು ಪರ್ಸಿನಲ್ಲೇ ಇಟ್ಟುಕೊಂಡು ಓಡಾಡಿದೆ. ಒಂದು ದಿನ ಲ್ಯಾಬಿನಿಂದ ಬರುವಷ್ಟರಲ್ಲಿ ಮಳೆ ಸುರಿದು, ಹಿತ್ತಲಲ್ಲಿ ಒಣಹಾಕಿದ ಬಟ್ಟೆಯೆಲ್ಲ ನೆನೆದು ತೊಪ್ಪೆಯಾಗಿತ್ತು. "ಬೀಗದ್ ಕೈ ಇಲ್ಲಿ ಇದ್ದಿದ್ರೆ ತೆಗ್ದ್ ಒಳ್ಗ್ ಹಾಕ್ತಿದ್ದೆ ಅಲ್ದಾ" ಎಂದು ಜಲಜಕ್ಕ ನನ್ನ ಮೇಲೆಯೇ ಸಿಡುಕಿದರು. ಮರುದಿನದಿಂದ ನನ್ನ ಬೀಗದ ಕೈಯೂ ಮೊಳೆ ಸೇರಿತು.

ಇಷ್ಟೇ ಆಗಿದ್ದರೆ ಹೇಗೋ ಹೊಂದಿಕೊಂಡೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಜುಲೈನಲ್ಲಿ ಅವ್ವ ಬಂದಳು.

ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಧಾರವಾಡದಲ್ಲಿರುವ ಅಣ್ಣ, ಅತ್ತಿಗೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. "ನನ್ನ ಕಡೆ ಇರಲಿ" ಎಂದು ನಾನೇ ಹಠ ಮಾಡಿ ಕರೆತಂದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಮ್ಮೆಯೂ "ಅವ್ವನನ್ನು ನೋಡಿಕೋ" ಎನ್ನಲಿಲ್ಲ. ಹೇಳದಿದ್ದರೂ ನೋಡಿಕೊಳ್ಳುತ್ತಾಳೆ ಎಂದುಕೊಂಡಿರಬೇಕು. ಅದೇ ನನ್ನನ್ನು ಹೆಚ್ಚು ಕಾಡುತ್ತಿತ್ತು. ಅವ್ವ ಒಂದು ಡಬ್ಬಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ತನ್ನ ರೊಟ್ಟಿಯ ಹಂಚು ತಂದಿದ್ದಳು. ಮೊದಲ ವಾರ ಬಡಿದ ರೊಟ್ಟಿ ಚೆನ್ನಾಗಿ ಬಂದವು. ಆಮೇಲೆ ಕರಾವಳಿಯ ಮಳೆಗಾಲ ಡಬ್ಬಿಯ ಒಳಗೂ ಹೊಕ್ಕಿತು. ಹಿಟ್ಟು ಗಂಟು ಕಟ್ಟಿ ಮುಗ್ಗಲು ವಾಸನೆ ಬಂತು. ರೊಟ್ಟಿ ಬಡಿಯಲು ಹೋದರೆ ಅಂಟು ಸಾಲದೆ ಅಂಚು ಒಡೆದು ಚೂರಾಗುತ್ತಿತ್ತು.

"ಹಿಟ್ಟಿನ್ಯಾಗ ಜಿಗಿನ ಉಳದಿಲ್ಲವಾ" ಎಂದು ಅವ್ವ ಕೈ ತೊಳೆದುಕೊಂಡಳು. ಅದಾದ ಮೇಲೆ ಒಲೆಯ ಹತ್ತಿರ ಬರಲಿಲ್ಲ.

ನಾನು ಬೆಳಿಗ್ಗೆ ಆರೂವರೆಗೇ ಲ್ಯಾಬಿಗೆ ಹೋಗಬೇಕು, ಬರಿಹೊಟ್ಟೆಯ ಜನ ಕಾಯುತ್ತಿರುತ್ತಾರೆ. ಅವ್ವನ ಮಧ್ಯಾಹ್ನದ ಊಟವನ್ನು ಜಲಜಕ್ಕನಿಗೆ ಹೇಳಿದೆ. ಮೀನಿನ ಹೋಟೆಲು ಎಂಬ ಅಳುಕು ನನಗಿತ್ತು, ಅವರಿಗೆ ಅದು ನಾನು ಬಾಯಿ ಬಿಡುವ ಮೊದಲೇ ತಿಳಿಯಿತು. ಹೊಸದೊಂದು ಪಾತ್ರೆ ತೆಗೆದು ಹಿಡಿಗೆ ಕೆಂಪು ದಾರ ಕಟ್ಟಿದರು. "ಕಾಣಿ, ಇದ್ ಅಮ್ಮನ ಪಾತ್ರೆ. ಇದ್ಕೆ ಮೀನಿನ ಸೌಟ್ ಮುಟ್ಟೂದಿಲ್ಲೆ. ಮುಟ್ಟಿದ್ರೆ ನನ್ನತ್ರ ಕೇಣಿ" ಎಂದು ಅಡುಗೆಯವರಿಗೆಲ್ಲ ಕೇಳುವಂತೆ ಸಾರಿದರು. ದಿನವೂ ಹನ್ನೆರಡೂವರೆಗೆ ಆ ಪಾತ್ರೆಯಲ್ಲಿ ಮಾಡಿದ್ದನ್ನು ಡಬ್ಬಿಗೆ ತುಂಬಿ ತಾವೇ ಕೊಟ್ಟು ಬರುತ್ತಿದ್ದರು. ಒಮ್ಮೆ ಗಂಜಿ, ಒಮ್ಮೆ ಹರಿವೆಯ ಪಲ್ಯ, ಒಮ್ಮೆ ಸೌತೆಕಾಯಿ ಹುಳಿ.

ಸಂಜೆ ಬಂದು ನೋಡಿದರೆ ಡಬ್ಬಿ ಮುಕ್ಕಾಲು ಹಾಗೆಯೇ ಇರುತ್ತಿತ್ತು. "ಹಸಿವಿಲ್ಲ", "ನೀ ಉಣ್ಣು", "ಇರ್ಲಿ ಬಿಡು". ಈ ಮೂರೇ ಉತ್ತರ. ಅನ್ನದ ದೋಷವೇ ಎಂದು ಬೆಳ್ತಿಗೆ ಹಾಕಿಸಿದೆ. ಬ್ರಹ್ಮಾವರಕ್ಕೆ ಹೋಗಿ ಜೋಳದ ಹಿಟ್ಟು ಹುಡುಕಿ ತಂದೆ. ಅವ್ವ ಚಿಟಿಕೆ ಹಿಟ್ಟನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ ಮುಚ್ಚಳ ಹಾಕಿದಳು. ನನ್ನ ಲ್ಯಾಬಿನಲ್ಲೇ ಅವಳ ರಕ್ತ ಪರೀಕ್ಷಿಸಿದೆ. ರೋಗವೇನೂ ಇರಲಿಲ್ಲ. ಆದರೆ ಬಳೆಗಳು ಮಣಿಕಟ್ಟಿನಿಂದ ಮೊಣಕೈತನಕ ಜಾರಾಡುತ್ತಿದ್ದವು. ರಕ್ತ ತೆಗೆಯುವಾಗ ಆ ತೋಳು ಹಿಡಿದ ನನಗೆ ಅಳು ಬಂತು, ಮುಖ ತಿರುಗಿಸಿಕೊಂಡೆ.

ಸೆಪ್ಟೆಂಬರಿನಲ್ಲಿ ವಿಡಿಯೋ ಕರೆಯಲ್ಲಿ ಅವ್ವನನ್ನು ನೋಡಿದ ಅಣ್ಣ ಗಾಬರಿಯಾದ. "ನವರಾತ್ರಿ ರಜಾಕ್ಕ ಬಂದು ಕರಕೊಂಡು ಹೋಗ್ತೀನಿ. ಇಲ್ಲಿ ಹಗಲಿಗೆ ನೋಡ್ಕೊಳ್ಳಾಕ ಒಬ್ಬಾಕಿನ್ನ ಇಡೂಣು" ಎಂದ. ಉಣ್ಣದ ತಾಯಿಯನ್ನು ಯಾವ ಬಾಯಿಂದ ಇಲ್ಲೇ ಇರಲಿ ಎನ್ನಲಿ? ಹಂಚನ್ನು ಗೋಣಿಚೀಲದಲ್ಲಿ ಸುತ್ತಿ ಅವ್ವನ ಬ್ಯಾಗಿನ ಹತ್ತಿರ ಇಟ್ಟೆ.

ಅಣ್ಣ ಬರಲು ಎರಡು ದಿನ ಇದ್ದಾಗ ಹೋಟೆಲಿನ ಮುಂದೆ "ಇವತ್ತು ಹೊಸ್ತು, ರಜೆ" ಎಂದು ಸೀಮೆಸುಣ್ಣದಲ್ಲಿ ಬರೆದ ಹಲಗೆ ಕಂಡಿತು. ಹೊಸ್ತು ಎಂದರೆ ಹೊಸ ಅಕ್ಕಿಯನ್ನು ಮೊದಲ ಸಲ ಉಣ್ಣುವ ದಿನ. ಜಲಜಕ್ಕನ ತವರು ಸಿದ್ದಾಪುರ. ಬೆಳಗಿನ ಬಸ್ಸಿನಲ್ಲಿ ಅಲ್ಲಿಂದ ಕದಿರಿನ ಕಟ್ಟು ಬಂದಿತ್ತು, ಕಂಡಕ್ಟರು ಅದನ್ನು ಮಗುವನ್ನು ಎತ್ತಿ ಕೊಡುವ ಹಾಗೆ ಎರಡೂ ಕೈಯಲ್ಲಿ ಇಳಿಸಿಕೊಟ್ಟರಂತೆ. ತೆನೆಗಳನ್ನು ಮಾವಿನೆಲೆಯಲ್ಲಿ ಸುತ್ತಿ ಬಾಗಿಲಿಗೆ, ಬಾವಿಕಟ್ಟೆಗೆ, ಒಲೆಯ ಬದಿಗೆ, ಆಟೋಗಳಿಗೆ ಕಟ್ಟಿದ್ದರು. ಬೀಗದ ಕೈಗಳ ಮೊಳೆಗಳಿಗೂ ಒಂದೊಂದು ಕದಿರು.

ಆ ದಿನ ನನಗೂ ರಜೆ. ಮಧ್ಯಾಹ್ನ ಜಲಜಕ್ಕ, ಶೀನಣ್ಣ ಇಬ್ಬರೂ ಮಡಿಕೆ ಮುರಿಯದ ಬಟ್ಟೆಯಲ್ಲಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ಹೊಸ್ತ್ ಉಣ್ತ್ ನಾವ್" ಎಂದರು ಜಲಜಕ್ಕ.

ಇವತ್ತು ಡಬ್ಬಿ ಇಲ್ಲ ಎಂದು ಹೇಳಲು ಬಂದಿದ್ದಾರೆ ಅಂದುಕೊಂಡೆ. "ಹೋಗಿ ಉಣ್ರಿ ಅಕ್ಕಾ, ನಮ್ಮ ಚಿಂತಿ ಬಿಡ್ರಿ. ನಾನು ಅವಲಕ್ಕಿ ಮಾಡ್ತೀನಿ" ಎಂದು ಉದಾರಿಯಂತೆ ನಕ್ಕೆ. ಇಬ್ಬರೂ ಕದಲಲಿಲ್ಲ. ಶೀನಣ್ಣ ಹೆಂಡತಿಯ ಮುಖ ನೋಡಿದರು.

"ನಿಮ್ಮತ್ರ ಅಲ್ಲ ಮಾರಾಯ್ರೆ, ಅಮ್ಮನತ್ರ ಹೇಳುಕೆ ಬಂದದ್" ಎಂದರು ಜಲಜಕ್ಕ. "ಹೊಸ್ತ್ ಉಂಬುಕೆ ಮೊದ್ಲ್ ಹಿರಿಯರತ್ರ ಹೇಳ್ಕ್. ಅವ್ರ್ ಉಣ್ಣಿ ಅಂದ್ರೆ ಮಾತ್ರ ಉಂಬುದ್. ನಮ್ಮತ್ತೆ ಹೋಯಿ ಮೂರ್ ವರ್ಷ ಆಯ್ತ್. ಮನೆಯಂಗ್ ಹೇಳುಕೆ ಯಾರಿಲ್ಲೆ. ಮೂರ್ ಹೊಸ್ತೂ ಫೋಟೋಕ್ ಹೇಳ್ದ್. ಫೋಟೋ ಎಂತ ಹೇಳತ್ತ್?"

ಅವ್ವನನ್ನು ಕೇಳಬಂದ ಮಾತಿಗೆ ನಾನೇ ಉತ್ತರ ಕೊಟ್ಟು ಮುಗಿಸಿದ್ದಕ್ಕೆ ನಾಚಿಕೆಯಾಯಿತು. ಒಳಗೆ ಹೋಗಿ ಅವ್ವನಿಗೆ ವಿಷಯ ತಿಳಿಸಿದೆ. ಗೋಡೆಗೆ ಒರಗಿ ಕುಳಿತಿದ್ದವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ತಾನಾಗಿಯೇ ಬಾಗಿಲಿಗೆ ಬಂದಳು. ಜಲಜಕ್ಕ ಬಗ್ಗಿ ಕಾಲು ಮುಟ್ಟಿ ಮತ್ತೆ ಹೇಳಿದರು, "ಅಮ್ಮ, ಹೊಸ್ತ್ ಉಣ್ತೆ."

"ಉಣ್ಣವಾ, ಹೊಟ್ಟಿ ತುಂಬ ಉಣ್ಣು" ಎಂದಳು ಅವ್ವ. ತಿಂಗಳುಗಳ ಮೇಲೆ ಅವಳ ಗಟ್ಟಿ ದನಿ ಕೇಳಿದೆ.

ಅಷ್ಟಕ್ಕೇ ಮುಗಿಯಲಿಲ್ಲ. "ನೀವ್ ಕೂಕಣ್ದೆ ನಾವ್ ಹ್ಯಾಂಗ್ ಉಂಬುದ್? ಬನಿ" ಎಂದು ಅವಳ ಕೈ ಹಿಡಿದು ಹೋಟೆಲಿಗೆ ಕರೆದೊಯ್ದರು. ಮೇಜುಗಳನ್ನು ಸಾಲಾಗಿ ಜೋಡಿಸಿ ಬಾಳೆಲೆ ಹಾಕಿದ್ದರು. ಆ ದಿನ ಅಲ್ಲಿ ಮೀನು ಇರಲಿಲ್ಲ. ಅವ್ವನನ್ನು ಮೊದಲ ಎಲೆಯ ಮುಂದೆ ಕೂರಿಸಿದರು. ಅಡುಗೆಯವರು, ಬಡಿಸುವವರು, ಆಟೋ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು, ಎಲ್ಲರೂ ಒಬ್ಬೊಬ್ಬರಾಗಿ ಬಂದು "ಅಮ್ಮ, ಹೊಸ್ತ್ ಉಣ್ತೆ" ಎಂದರು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿ "ಉಣ್ಣಪಾ", "ಉಣ್ಣವಾ", "ಸಾವಕಾಶ ಉಣ್ಣಪಾ" ಎಂದಳು. ನಮ್ಮ ಮನೆಯಲ್ಲಿ ಅವಳು ಜೀವಮಾನವಿಡೀ ಹೇಳಿದ ಮಾತು ಅದು. ಅಪ್ಪನಿಗೆ, ನಮಗೆ, ಬಂದ ಬೀಗರಿಗೆ, ಆಳುಗಳಿಗೆ, ಎಲ್ಲರಿಗೂ ಉಣ್ರಿ ಎಂದು ಹೇಳಿ, ಎಲ್ಲರೂ ಉಂಡೆದ್ದ ಮೇಲೆ ತಾನು ಕೂರುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಖಾಲಿ ಮನೆಯಲ್ಲಿ ಡಬ್ಬಿಯೆದುರು ಅವಳೊಬ್ಬಳನ್ನೇ ಕೂರಿಸಿದ್ದೆ. ನಾನು ಅಕ್ಕಿ ಬದಲಿಸಿದೆ, ಹಿಟ್ಟು ಬದಲಿಸಿದೆ, ರಕ್ತ ಪರೀಕ್ಷಿಸಿದೆ. ಇದೊಂದು ನನಗೆ ಹೊಳೆಯಲೇ ಇಲ್ಲ.

ಎಲ್ಲರದೂ ಮುಗಿದ ಮೇಲೆ ಅವ್ವ ನನ್ನ ಕಡೆ ನೋಡಿದಳು. ನಾನೂ ಎಲ್ಲರ ಹಾಗೆ ಹೇಳಿದೆ. "ಉಣ್ಣವಾ" ಎಂದಳು. ಆಮೇಲೆ ಎಲೆಗೆ ಕೈ ಹಾಕಿ, ಆ ದಪ್ಪ ಅಗುಳಿನ ಹೊಸ ಅನ್ನವನ್ನು ನಿಧಾನವಾಗಿ ಅಗಿದು ಉಂಡಳು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡಳು.

ಮರುದಿನ ಹನ್ನೆರಡೂವರೆಗೆ ಡಬ್ಬಿ ಬರಲಿಲ್ಲ. ಜಲಜಕ್ಕ ಅವ್ವನನ್ನೇ ಕರೆದೊಯ್ದು ಗಲ್ಲಾದ ಪಕ್ಕ ಕೂರಿಸಿದರು. ಅಣ್ಣ ಬಂದಾಗ ಅವ್ವ ಗಿರಾಕಿಗಳಿಗೆ "ಇನ್ನಷ್ಟು ಹಾಕಿಸ್ಕೊಪಾ" ಎಂದು ಒತ್ತಾಯ ಮಾಡುತ್ತಿದ್ದಳು. "ಇನ್ನೊಂದು ತಿಂಗಳು ಇರ್ತೀನಿ" ಎಂದು ಅವನನ್ನು ಕಳಿಸಿದಳು. ಆ ತಿಂಗಳು ಒಂದು ವರ್ಷವಾಯಿತು.

ಈ ಸಲದ ನವರಾತ್ರಿಗೆ ನಾವು ಧಾರವಾಡದಲ್ಲಿದ್ದೆವು, ಅಣ್ಣನ ಹೊಸ ಮನೆಯ ಗೃಹಪ್ರವೇಶಕ್ಕೆ. ಒಣ ಗಾಳಿ, ಗರಿಗರಿ ಹಪ್ಪಳ, ಬೆವರದ ಕತ್ತು; ಸುಖವೆನಿಸಿತು. ಬಿಸಿನೀರು ಕೇಳಿ ನಗೆಪಾಟಲಾದೆ. ಅವ್ವ ಜಿಗಿ ಇರುವ ಹಿಟ್ಟಿನಲ್ಲಿ ರೊಟ್ಟಿ ಬಡಿದು ಎಲ್ಲರನ್ನೂ ಮೀರಿಸಿದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಣ್ಣ ಬಾಗಿಲ ಬಳಿಯ ಕೋಣೆ ತೋರಿಸಿ, "ಅದು ನಿನ್ನ ಖೋಲಿ ಅವ್ವಾ. ಇನ್ನ ಮ್ಯಾಲ ಇಲ್ಲೇ ಇರು" ಎಂದ. ಅವನ ಕಣ್ಣಲ್ಲಿ ಆಸೆಯಿತ್ತು. ನಾನು ತಲೆ ಎತ್ತಲಿಲ್ಲ. ಅವನ ಮಾತಿನಲ್ಲಿ ತಪ್ಪೇನಿದೆ?

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಜಲಜಕ್ಕ. ಹಿಂದೆ ಪಾತ್ರೆ, ಸೌಟುಗಳ ಸದ್ದು, ಶೀನಣ್ಣನ "ಚಲೇಗಾ, ಚಲೇಗಾ."

"ಅಮ್ಮನಿಗೆ ಕೊಡಿ ಕಾಂಬ. ಎಲ್ಲ ಬಡ್ಸಿ ಆಯ್ತ್, ಕಾಯ್ತಾ ಇದ್ರ್."

ಅವ್ವ ಮುರಿದ ರೊಟ್ಟಿಯನ್ನು ತಾಟಿನಲ್ಲಿ ಕೆಳಗಿಟ್ಟಳು. ಕೈ ತೊಳೆದು ಸೆರಗು ಸರಿಮಾಡಿಕೊಂಡು ಫೋನು ಹಿಡಿದಳು.

"ಅಮ್ಮ, ಹೊಸ್ತ್ ಉಣ್ತೆ."

"ಉಣ್ಣವಾ ಜಲಜಾ. ಎಲ್ಲಾರಿಗೂ ಉಣ್ಣಾಕ ಹೇಳು." ಆಮೇಲೆ ಕೇಳಿದಳು, "ನಮ್ಮ ಮನಿ ಕೀಲಿ ಮೊಳೀಗೆ ಐತಿಲ್ಲೋ?"

"ಇಲ್ಲೇ ಇತ್ತ್ ಅಮ್ಮ. ಕದ್ರೂ ಕಟ್ಟಿದೆ."

"ಹಂಗಾರ ಇರ್ಲಿ, ತಗೀಬ್ಯಾಡ" ಎಂದು ಫೋನು ನನ್ನ ಕೈಗೆ ಕೊಟ್ಟಳು. ಅಣ್ಣನ ಮುಖ ಸಣ್ಣದಾಯಿತು. ಅವ್ವ ಅವನ ಬೆನ್ನ ಮೇಲೆ ಕೈಯಿಟ್ಟು, "ಹೋಗೂ ಮುಂದ ಐದು ಕಿಲೋ ಹಿಟ್ಟು ಬೀಸಿ ಕೊಡಪಾ. ಇಂಥಾ ಜಿಗಿ ಅಲ್ಲಿ ಸಿಗೂದಿಲ್ಲ. ಖೋಲೀನೂ ಹಂಗ ಇಡು, ಬರ್ತಿರ್ತೀನಿ" ಎಂದಳು.

ನನ್ನ ತಾಟಿನಲ್ಲಿ ಹೊಸ ಅಕ್ಕಿಯ ಒಂದು ಅಗುಳೂ ಇರಲಿಲ್ಲ. ಇದ್ದದ್ದು ರೊಟ್ಟಿ ಮತ್ತು ಎಣ್ಣೆಗಾಯಿ. ಅವ್ವ ಮಾತ್ರ ಕೆಳಗಿಟ್ಟ ರೊಟ್ಟಿಯನ್ನು ಮತ್ತೆ ಮುಟ್ಟಿರಲಿಲ್ಲ. ಹೋದ ವರ್ಷದ ಹಾಗೆಯೇ ನನ್ನ ಕಡೆ ನೋಡುತ್ತಿದ್ದಳು.

"ಅವ್ವಾ, ಹೊಸ್ತ್ ಉಣ್ತೆ" ಎಂದೆ.

"ಉಣ್ಣವಾ" ಎಂದಳು ಅವ್ವ.