ಲಾಳದಂಥ ಒಂದು ಮೂಳೆ

ಶಿವರುದ್ರಪ್ಪನವರನ್ನು ನಾನು ಮೊದಲು ಕಂಡದ್ದು ಕಸದ ಬುಟ್ಟಿಯ ಮುಂದೆ. ಗಂಡ ತೀರಿಕೊಂಡ ಎರಡನೇ ತಿಂಗಳು, ಮೆಡಿಕಲ್ ಕಾಲೇಜೊಂದರಲ್ಲಿ ಗುಡಿಸುವ ಕೆಲಸಕ್ಕೆ ಸೇರಿದ ದಿನ. ಮೂಳೆ ಇಡುವ ಕೋಣೆ ಗುಡಿಸಿ ಹೊರಗೆ ಬಂದೆ. ಹಿಂದೆಯೇ ಅವರು ಬಂದರು. ಆ ಕೋಣೆಯ ಅಟೆಂಡರ್ ಅವರು. ಮೂಳೆಗಳನ್ನು ತೊಳೆದು, ತಂತಿಯಲ್ಲಿ ಪೋಣಿಸಿ, ಅಸ್ಥಿಪಂಜರ ನಿಲ್ಲಿಸುವುದು ಅವರ ಕೆಲಸ.

"ಮೇಜಿನ ಕೆಳಗೆ ಲಾಳದ ಥರದ್ದೊಂದು ಬಿದ್ದಿತ್ತಾ?"

"ಕೋಳಿ ಮೂಳೆ ಅಂದ್ಕೊಂಡು ಗುಡಿಸ್ಬುಟ್ಟೆ ಸಾರ್. ಯಾರೋ ತಿಂದು ಎಸೆದಿರಬೇಕು ಅಂತ."

ಅವರು ಬಯ್ಯಲಿಲ್ಲ. "ಈ ಕೋಣೇಲಿ ಕೂತು ಕೋಳಿ ತಿನ್ನೋ ಗಂಡು ಇನ್ನೂ ಹುಟ್ಟಿಲ್ಲ ಕಣಮ್ಮ" ಎಂದು ಬುಟ್ಟಿಯನ್ನು ನೆಲಕ್ಕೆ ಸುರಿದರು. ನಾನು ಅಕ್ಕಿ ಆರಿಸುವ ಹಾಗೆ ಹಿಡಿಹಿಡಿಯಾಗಿ ಆರಿಸಿದೆ. ಸಿಕ್ಕಿತು. ಎರಡು ಬೆರಳಗಲ ಇತ್ತು. ಅದು ನಾಲಿಗೆಯ ಬುಡದಲ್ಲಿರುವ ಮೂಳೆ ಎಂದು ಅವರು ಹೇಳಿದರು.

"ಮಿಕ್ಕ ಮೂಳೆ ಎಲ್ಲ ಒಂದಕ್ಕೊಂದು ಕೂಡ್ಕೊಂಡಿರ್ತವೆ. ಇದೊಂದು ಯಾವ ಮೂಳೆಗೂ ತಾಕದೆ ತೂಗ್ತಾ ಇರುತ್ತೆ. ಅದಕ್ಕೇ ಮೊದಲು ಕಳೆಯೋದೂ ಇದೇ."

ಅವರಿಗೆ ಮದುವೆಯಾಗಿರಲಿಲ್ಲ. ಮೂಳೆ ಮುಟ್ಟುವವನಿಗೆ ಯಾರೂ ಹೆಣ್ಣು ಕೊಡಲಿಲ್ಲ ಎಂದು ಅವರ ಅಕ್ಕ ಗಿರಿಜಾಂಬಾ ಹೇಳುತ್ತಿದ್ದರು. ಬನ್ನಿಮಂಟಪದ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಕಾಲೇಜಿನಲ್ಲಿ ಮಧ್ಯಾಹ್ನ ಅವರ ಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದವಳು ನಾನೊಬ್ಬಳೇ. ನನಗೂ ಬೇರೆ ಯಾರಿದ್ದರು? ಉಣ್ಣುತ್ತಾ ಅವರು ಹೇಳುವರು: ಝೂನಲ್ಲಿರುವ ಜಿರಾಫೆಗೂ ನಮಗೂ ಕುತ್ತಿಗೆಯಲ್ಲಿ ಏಳೇ ಮೂಳೆ, ಇಲಿಗೂ ಏಳೇ. ಹುಟ್ಟಿದ ಕೂಸಿಗೆ ನಮಗಿಂತ ಮೂಳೆ ಜಾಸ್ತಿ, ಬೆಳೆಯುತ್ತಾ ಕೂಡಿಕೊಳ್ಳುತ್ತವೆ. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಹನ್ನೊಂದು ವರ್ಷ ಹಸು ಸಾಕಿದ್ದವಳು ನಾನು, ನೋಡಿರಲಿಲ್ಲ. ಅವತ್ತು ಸಂಜೆ ದಾರಿಯಲ್ಲಿ ಒಂದು ಹಸುವಿಗೆ ಬಾಳೆಹಣ್ಣು ಕೊಟ್ಟು ಬಾಯಿ ನೋಡಿದೆ. ನಿಜ.

ರಿಟೈರಾದ ಆರನೇ ವರ್ಷ ಅವರ ಉಸಿರಾಟ ಕೆಟ್ಟಿತು. ಸೋಮವಾರ ಸೋಮವಾರ ನಾನು ಹೋಗಿ ನೋಡಿಬರುತ್ತಿದ್ದೆ. ಲಕ್ಷ್ಮೀಪುರಂನಿಂದ ಅಕ್ಕನೂ ಬರುವರು. ಸತ್ತ ಮೇಲೆ ದೇಹವನ್ನು ಅದೇ ಕಾಲೇಜಿಗೆ ಕೊಡಬೇಕೆಂದು ಅವರು ಫಾರಂ ತರಿಸಿಟ್ಟಿದ್ದರು. ಇಬ್ಬರ ರುಜು ಬೇಕು, ಅದರಲ್ಲಿ ಒಬ್ಬರು ರಕ್ತಸಂಬಂಧಿ. ಅಂಥವರು ಉಳಿದಿದ್ದುದು ಅಕ್ಕ ಒಬ್ಬರೇ. ಅವರು ಪೆನ್ನು ಮುಟ್ಟಲಿಲ್ಲ.

"ನಮ್ಮೋರನ್ನ ಕೂರಿಸಿ, ಕೈಲಿ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡೋದು. ನಿನ್ನನ್ನ ಕುಯ್ಯೋಕೆ ಕೊಡ್ಲಾ?"

"ಮೂವತ್ತೆಂಟು ವರ್ಷ ಸ್ಟೂಲ್ ಮೇಲೆ ಕೂತಿದೀನಿ ಕಣಕ್ಕ. ಇನ್ನಾದ್ರೂ ನಿಂತ್ಕೋತೀನಿ ಬುಡು."

ಅಕ್ಕ ನಗಲಿಲ್ಲ. ಮೂರು ಸೋಮವಾರ ಹೀಗೇ ಕಳೆಯಿತು. ಫಾರಂ ದೇವರ ಗೂಡಿನಲ್ಲೇ ಇತ್ತು. ನಾಲ್ಕನೇ ವಾರ ಅಕ್ಕನೇ ಮಾತು ತೆಗೆದರು.

"ಅಲ್ಲಿ ನಿನ್ನ ಹತ್ರ ಯಾರಿರ್ತಾರೋ?"

"ವರ್ಷಾ ವರ್ಷಾ ಹೊಸ ಮಕ್ಕಳು ಬರ್ತಾರೆ, ನೂರೈವತ್ತು ಜನ. ಮಣ್ಣೊಳಗೆ ಯಾರು ಬರ್ತಾರೆ ಹೇಳು?"

ಗಿರಿಜಾಂಬಾ ಬಹಳ ಹೊತ್ತು ಸೆರಗಿನಲ್ಲಿ ಕನ್ನಡಕ ಒರೆಸಿದರು. "ಲಿಂಗ ನನ್ನ ಕೈಗೆ ಕೊಡಬೇಕು" ಎಂದು ಹೇಳಿ ರುಜು ಹಾಕಿದರು. ಅದರ ಕೆಳಗೆ ನಾನು ನನ್ನ ಹೆಸರು ಬರೆದೆ. ಮೂರಕ್ಷರಕ್ಕೆ ಐದು ನಿಮಿಷ ಹಿಡಿಯಿತು. ಒತ್ತು ತಪ್ಪಲಿಲ್ಲ.

ಅವರು ಹೋದದ್ದು ಮುಂದಿನ ವಾರ, ಗುರುವಾರ. ಆ ವಾರದ ಸೋಮವಾರ ನಾನು ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು ನಿಲ್ಲಿಸಿದರು. ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ನನ್ನ ಬೆರಳನ್ನು ತಮ್ಮ ಗದ್ದದ ಕೆಳಗೆ, ಗಂಟಲಿನ ಮೇಲೆ ಇಟ್ಟುಕೊಂಡರು.

"ತಿಮ್ಮಮ್ಮ, ಈಗ ಅಲ್ಲಿರೋ ಅಟೆಂಡರ್ ಹೊಸಬ. ಇದನ್ನ ಕಳೆದ್ಬುಡ್ತಾನೆ. ನನ್ನನ್ನ ಪೋಣಿಸಿ ನಿಲ್ಲಿಸಿದ್ಮೇಲೆ ಒಂದ್ಸಲ ಹೋಗಿ, ಇದೆಯಾ ಅಂತ ನೋಡ್ಬರ್ತೀರಾ?"