ಯೋರ್ಡಿಸ್ ಅತ್ತೆಯ ಮುಲ್ತೆ ಜಾಗ

ಯೋರ್ಡಿಸ್ ಸುಳ್ಳು ಹೇಳುವವರಲ್ಲ. ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳುತ್ತ ಆಯುಷ್ಯದ ಅರ್ಧ ಕಳೆದವರು. ತೂಕದಲ್ಲಿ ಮೋಸ ಮಾಡಿದವರಲ್ಲ, ಹುಷಾರಿಲ್ಲವೆಂದು ಸುಮ್ಮಸುಮ್ಮನೆ ರಜೆ ಹಾಕಿದವರೂ ಅಲ್ಲ. ಆದರೆ ಆಗಸ್ಟ್ ಬಂದು ತುಂಡ್ರಾದ ಜೌಗಿನಲ್ಲಿ ಮುಲ್ತೆ ಹಣ್ಣು ಕೇಸರಿ ಬಣ್ಣಕ್ಕೆ ತಿರುಗಿತೆಂದರೆ ಅವರ ಬಾಯಿಂದ ಒಂದೇ ಒಂದು ನಿಜ ಹೊರಡುತ್ತಿರಲಿಲ್ಲ. ಹಣ್ಣು ಸಿಗುವ ಜಾಗ ಅಲ್ಲಿ ಪ್ರತಿಯೊಬ್ಬರ ಗುಟ್ಟು, ಅದನ್ನು ಕಾಯಲು ಹೇಳಿದ ಸುಳ್ಳನ್ನು ಯಾರೂ ತಪ್ಪೆನ್ನುವುದಿಲ್ಲ. ಆ ಸೀಮೆಯಲ್ಲಿ ಪಾದ್ರಿಯೂ ಭಾನುವಾರ ಸತ್ಯದ ಮೇಲೆ ಉಪದೇಶ ಮಾಡಿ, ಸೋಮವಾರ ಬಕೆಟ್ಟನ್ನು ಮಳೆಕೋಟಿನ ಅಡಿ ಅಡಗಿಸಿಕೊಂಡು ಹೋಗುವವನೇ.

ಯೋರ್ಡಿಸ್ ಕಾರನ್ನು ಹಣ್ಣಿನ ಜಾಗದಿಂದ ಬಹಳ ದೂರ, ಯಾವುದೋ ಕೆರೆಯ ಪಕ್ಕ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಮೀನಿನ ಗಾಳ ಎದ್ದು ಕಾಣುವಂತೆ ಇಡುತ್ತಿದ್ದರು. ಗಾಳ ಹಾಕಲು ಅವರಿಗೆ ಬರುತ್ತಲೇ ಇರಲಿಲ್ಲ. ಗಂಡ ಪೆಡರ್‌ಗೂ ಅವರು ಜಾಗ ಹೇಳಿರಲಿಲ್ಲ. ಕೊನೆಗಾಲದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, "ಈಗಾದ್ರೂ ಹೇಳೇ" ಎಂದು ಅವನು ಕೇಳಿದ್ದ. "ಮೊದ್ಲು ಎದ್ದು ಬಾ, ಆಮೇಲೆ ನೋಡೋಣ" ಎಂದಿದ್ದರು. ಪೆಡರ್ ಎದ್ದು ಬರಲಿಲ್ಲ. ಆ ಸಲದ ಕ್ರಿಸ್‌ಮಸ್‌ನಲ್ಲಿ ಯೋರ್ಡಿಸ್ ಮುಲ್ತೆಯನ್ನು ಕೆನೆಯಲ್ಲಿ ಕಲಸಿ ಅವನ ಬಟ್ಟಲಿಗೂ ಬಡಿಸಿದರು. ಅದನ್ನು ಯಾರೂ ತಿನ್ನಲಿಲ್ಲ.

ಈ ಬೇಸಿಗೆಯಲ್ಲಿ ಅವರ ಸೊಂಟದ ಕೀಲು ಬದಲಾಯಿಸಿದ ಡಾಕ್ಟರು, ಜೌಗಿನ ಕಡೆ ಕಾಲಿಡಬೇಡಿ ಎಂದು ಕಟ್ಟಪ್ಪಣೆ ಮಾಡಿಬಿಟ್ಟರು. ಜಾಗವನ್ನು ಯಾರಿಗಾದರೂ ದಾಟಿಸದೆ ಬೇರೆ ದಾರಿ ಉಳಿಯಲಿಲ್ಲ. ಸೊಸೆ ಸುನ್ನಿವಾಳಿಗೆ ಕರೆ ಬಂತು.

"ನಾಳೆ ಕಾರು ತಗೊಂಡು ಬಾ. ಫೋನ್ ಮನೇಲಿಡು. ಹೋದ ಕಡೆಯೆಲ್ಲ ಗುರುತು ಹಾಕ್ಕೊಳುತ್ತಂತೆ ಅದು."

"ಮಗು ಇದೆಯಲ್ಲ ಅತ್ತೆ?"

"ಮಗುಗೆ ಮಾತು ಬರಲ್ಲ. ಕರ್ಕೊಂಡು ಬಾ."

ಸುನ್ನಿವಾಳ ಗಂಡ ಓಡ್‌ಗೈರ್ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಜಾಗ ಅವನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಸೈಕಲ್ಲಿನಲ್ಲಿ ಅಮ್ಮನನ್ನು ಹಿಂಬಾಲಿಸಿ ಪತ್ತೆ ಮಾಡಿದ್ದ. ಮದುವೆಗೆ ಮುಂಚೆ ಸುನ್ನಿವಾಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಬೇರೆ ಊರಿನ ಗಂಡಸರು ಮದುವೆಗೆ ಕೇಳುವಾಗ ಉಂಗುರ ತೋರಿಸುತ್ತಾರೆ.

"ಅಮ್ಮ ತೋರಿಸ್ದಾಗ ಆಶ್ಚರ್ಯ ಆದೋಳ ಹಾಗಿರು," ಎಂದ. "ಜಾಸ್ತಿ ಬೇಡ. ಸ್ವಲ್ಪ ಬಾಯಿ ತೆರೆದ್ರೆ ಸಾಕು. ಗೊತ್ತಿತ್ತು ಅಂತ ತಿಳಿದ್ರೆ ಅಮ್ಮನ ಎದೆ ಒಡೆದುಹೋಗುತ್ತೆ."

ಸುನ್ನಿವಾ ಮಗುವಿನ ಬಟ್ಟೆ ಒಗೆಯುತ್ತ ಕನ್ನಡಿಯ ಮುಂದೆ ಬಾಯಿ ತೆರೆಯುವುದನ್ನು ಅಭ್ಯಾಸ ಮಾಡಿದಳು. ಬಾಣಂತನ ಮುಗಿದ ಮೇಲೆ ಅತ್ತೆ ತನ್ನನ್ನು ಕೇಳಿದ ಮೊದಲ ದೊಡ್ಡ ಸಹಾಯ ಇದು. ಹಾಳು ಮಾಡಬಾರದು ಎಂದು ನಿಶ್ಚಯ ಮಾಡಿಕೊಂಡಳು.

ಮರುದಿನ ಹೊಳೆಯ ಬದಿಯ ಊರು ಬಿಟ್ಟು ರಸ್ತೆ ಮೇಲೇರತೊಡಗಿತು. ಬರ್ಚ್ ಮರಗಳು ಆಳೆತ್ತರಕ್ಕಿಳಿದು, ಮೊಣಕಾಲೆತ್ತರಕ್ಕಿಳಿದು, ಕೊನೆಗೆ ನೆಲಕ್ಕೇ ಅಂಟಿಕೊಂಡವು. ಆಚೆ ಬರೀ ಕಲ್ಲು, ಪಾಚಿ, ನೀರು. ರಸ್ತೆಯಂಚಿನಲ್ಲಿ ಹಿಮಗಾಲಕ್ಕೆಂದು ನೆಟ್ಟ ಗುರುತಿನ ಕೋಲುಗಳು. ಹಿಮಸಾರಂಗಗಳು ನಡುರಸ್ತೆಯಲ್ಲಿ ನಿಂತು ಕಾರನ್ನು ಪರಿಶೀಲಿಸಿದವು. ಅತ್ತೆ ಹಾರ್ನ್ ಮಾಡಲು ಬಿಡಲಿಲ್ಲ.

"ಅವಕ್ಕೇನು ಅವಸರ?" ಎಂದು ಕಂದು ಚೀಸಿನ ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು. ಮಗು ಲೈಲಾ ಹಿಂದಿನ ಸೀಟಿನಲ್ಲಿ ಅತ್ತು ಅತ್ತು ಆಗಷ್ಟೇ ನಿದ್ದೆ ಹೋಗಿತ್ತು.

ಗುಡ್ಡದ ನೆತ್ತಿಯಲ್ಲಿ ಒಂದು ಜಲ್ಲಿ ಗುಂಡಿಯಿದೆ. ಅದರ ಪಕ್ಕ ಎಡಕ್ಕೆ ಕಾರು ಹೋಗುವಷ್ಟು ಮಣ್ಣುದಾರಿ, ಹಿಂದೆ ಓಡ್‌ಗೈರ್ ಅವಳನ್ನು ಕರೆದೊಯ್ದಿದ್ದ ದಾರಿ. ಸುನ್ನಿವಾ ಬಾಯಿಯನ್ನು ಎಷ್ಟು ತೆರೆಯಬೇಕು ಎಂದೇ ಯೋಚಿಸುತ್ತಿದ್ದಳು. ಕೈಯನ್ನು ಯಾರು ನೋಡಿಕೊಳ್ಳಬೇಕು? ಅದು ತನ್ನಷ್ಟಕ್ಕೆ ತಾನೇ ಎಡಗಡೆಯ ಇಂಡಿಕೇಟರ್ ಹಾಕಿಬಿಟ್ಟಿತು.

ಟಿಕ್, ಟಿಕ್, ಟಿಕ್.

"ಇಲ್ಲೇನಿದೆ?" ಅತ್ತೆ ಕೇಳಿದರು.

"ಮಗುಗೆ ಹಾಲು ಕುಡ್ಸೋಣ ಅಂತ..."

"ಮಗು ನಿದ್ದೆ ಮಾಡ್ತಿದೆ."

ಅತ್ತೆಯ ಎದೆ ಒಡೆಯುವ ಸದ್ದು ಕೇಳಿಸೀತೇನೋ ಎಂದು ಸುನ್ನಿವಾ ಕಾದಳು. ಅತ್ತೆ ಬ್ರೆಡ್ ಅಗಿದು ನುಂಗಿ, ಬೆರಳು ಒರೆಸಿಕೊಂಡರು.

"ನಿನ್ನ ಗಂಡನ ಸೈಕಲ್ ಚೈನು ಕಿರ್ರೋ ಅಂತಿತ್ತು," ಎಂದರು. "ಎಣ್ಣೆ ಹಾಕೋ ಅಂದ್ರೆ ಕೇಳ್ತಿರ್ಲಿಲ್ಲ. ಬಂಡೆ ಹಿಂದೆ ಬಚ್ಚಿಟ್ಕೊಂಡಿದ್ದ, ಟೋಪಿ ಕಾಣ್ತಿತ್ತು. ದಾರಿ ತಪ್ಪಿದ್ರೆ ಕಷ್ಟ ಅಂತ ನಿಧಾನಕ್ಕೆ ನಡೆದೆ. ದೊಡ್ಡ ಕೆಲ್ಸ ಸಾಧಿಸಿದ ಹಾಗೆ ಮುಖ ಮಾಡ್ಕೊಂಡು ಬಂದ ರಾತ್ರಿ ಊಟಕ್ಕೆ."

"ಹಾಗಾದ್ರೆ ನಿಮ್ಗೆ ಗೊತ್ತಿತ್ತಾ?"

"ಇಂಡಿಕೇಟರ್ ಆರಿಸು. ನೇರ ಹೋಗು. ಇದು ಹಿಂಬಾಲಿಸಿ ಬರೋರಿಗೆ ಅಂತ ಇಟ್ಟ ಜಾಗ, ನಿಜವಾದ್ದು ಮುಂದಿದೆ."

"ನಿಮ್ಮ ಮಗನಿಗೆ ಏನು ಹೇಳ್ಲಿ?"

"ಏನೂ ಬೇಡ. ಅವನಿಗೆ ಇದು ಇರ್ಲಿ. ಹುಡುಕಿ ಗಳಿಸ್ದ ಜಾಗ ಪಾಪ, ಕಿತ್ಕೊಳೋದು ಬೇಡ."

ರಸ್ತೆ ಗುಡ್ಡ ಇಳಿದು ಸಮುದ್ರಕ್ಕೆ ಬಂತು. ಅಲ್ಲಿ ಬಂಡೆಗಳು ಓರೆಯಾಗಿ ಎದ್ದು ನಿಂತಿದ್ದವು, ಯಾರೋ ಜೋಡಿಸಲು ಹೋಗಿ ಸಿಟ್ಟಿಗೆದ್ದು ಬಿಟ್ಟುಹೋದ ಹಲಗೆಗಳಂತೆ. ಕಾರಿನ ಬಾಗಿಲು ತೆರೆದರೆ ಗಾಳಿ ಅದನ್ನು ಕಿತ್ತುಕೊಳ್ಳಲು ನೋಡಿತು. ನೋಡಿದರೆ ಹಣ್ಣು ಬೆಳೆಯುವ ನೆಲವೇ ಅಲ್ಲ ಅದು.

ಈಗ ಒಂದು ತೊಡಕು. ಅತ್ತೆ ಇಳಿಯುವಂತಿಲ್ಲ, ಬಾಯಲ್ಲೇ ದಾರಿ ಹೇಳಬೇಕು. ಹುಟ್ಟಿದಾಗಿನಿಂದ ಯಾರಿಗೂ ಹೇಳದ ಜಾಗಕ್ಕೆ ಅವರ ಬಳಿ ಮಾತೇ ಇರಲಿಲ್ಲ.

"ಅಲ್ಲಿ... ಆ ಕಲ್ಲಿದೆಯಲ್ಲ, ಅದ್ರ ಹಿಂದಿನ ಕಲ್ಲು. ಅದಲ್ಲ ಕಣೇ. ಕಲ್ಲಿನ ಹಾಗಿರೋದು."

"ಎಲ್ಲವೂ ಕಲ್ಲಿನ ಹಾಗೇ ಇವೆ ಅತ್ತೆ."

ಸುನ್ನಿವಾ ಬಂಡೆ ಹತ್ತಿ ಇಳಿದು, ತಪ್ಪು ಸಂದಿಗೆ ನುಗ್ಗಿ, ಬೂಟಿನೊಳಗೆ ನೀರು ತುಂಬಿಸಿಕೊಂಡಳು. ಅತ್ತೆ ಕಿಟಕಿ ಇಳಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ, ಜಗತ್ತಿಗೆಲ್ಲ ಕೇಳುವಂತೆ ಕೂಗಿದರು: "ಇನ್ನೂ ಎಡಕ್ಕೆ, ಎಡಕ್ಕೆ."

ಆಗಲೇ ತಿರುವಿನಲ್ಲಿ ಕೆಂಪು ಕಾರೊಂದು ಬಂದು ನಿಂತಿತು. ಹಿಂದೆ ಕಾರ್ಖಾನೆಯಲ್ಲಿ ಯೋರ್ಡಿಸ್ ಪಕ್ಕದ ಮೇಜಿನಲ್ಲೇ ಮೀನು ಸೀಳುತ್ತಿದ್ದ ಬೋರ್ಗಿಲ್ ಕಿಟಕಿಯಿಂದ ತಲೆ ಹಾಕಿದರು. ಅತ್ತೆಗೆ ಕೂಗಿದ ಬಾಯಿ ಮುಚ್ಚುವುದಕ್ಕೇ ಆಗಲಿಲ್ಲ.

"ಏನು ಯೋರ್ಡಿಸ್, ಯಾರನ್ನ ಕೂಗ್ತಿದೀಯ? ಹಣ್ಣು ಇದೆಯೇನು ಇಲ್ಲಿ?"

ಸುನ್ನಿವಾ ಬಂಡೆಯಿಂದ ಇಳಿದು ಬಂದಳು. ಬಾಯಿ ತೆರೆಯುವ ಅಭ್ಯಾಸ ಯಾವ ಉಪಯೋಗಕ್ಕೂ ಬರಲಿಲ್ಲ.

"ಇಲ್ಲೆಲ್ಲಿ ಹಣ್ಣು ಚಿಕ್ಕಮ್ಮ? ಮಗುವಿನ ಕಂಬಳಿ ಗಾಳಿಗೆ ಹಾರಿಹೋಯ್ತು, ಹುಡುಕ್ತಿದೀನಿ. ಕಂಡ್ರೆ ಹೇಳಿ, ಹಳದಿ ಬಣ್ಣದ್ದು. ಬನ್ನಿ, ನೀವೂ ಸ್ವಲ್ಪ ಹುಡುಕ್ತೀರಾ?"

ಬೋರ್ಗಿಲ್‌ಗೆ ತಟ್ಟನೆ ಮನೆಯ ಒಲೆ ಆರಿಸದೆ ಬಂದದ್ದು ನೆನಪಾಯಿತು. ಹೊರಡುವಾಗ ಕಿಟಕಿಯೊಳಗೆ ಅವರ ಪ್ಯಾಂಟಿನ ಮೊಣಕಾಲಿಗೆ ಹತ್ತಿದ್ದ ಹಸಿ ಕೆಸರು ಸುನ್ನಿವಾಳಿಗೆ ಕಂಡಿತು. ಅದೆಲ್ಲಿಯದೆಂದು ಕೇಳುವಷ್ಟು ಅವಳು ಒರಟಳಲ್ಲ.

ಕೆಂಪು ಕಾರು ಮರೆಯಾದ ಮೇಲೆ ಅತ್ತೆ ಸೊಸೆಯ ಕಡೆ ತಿರುಗಿದರು.

"ಕಂಬಳಿ ಎಲ್ಲಿದೆ?"

"ತಂದೇ ಇಲ್ಲ."

ಅತ್ತೆ ಕೋಟಿನೊಳಗಿಂದ ಕಾರ್ಖಾನೆಯ ಕಾಲದ ಬಿಳಿ ಬಕೆಟ್ ತೆಗೆದುಕೊಟ್ಟರು. ಈ ಸಲ ಮಾತೂ ಸಿಕ್ಕಿತು. "ದೋಣಿ ಮಗುಚಿ ಹಾಕಿದ ಹಾಗೆ ಒಂದು ಬಂಡೆ ಇದೆ. ಅದ್ರ ನೆರಳಲ್ಲಿ ಬಗ್ಗಿ ನೋಡು."

ಬಂಡೆ ಹಾಗೆಯೇ ಇತ್ತು. ಅದರ ಅಡಿಯ ತಗ್ಗಿನಲ್ಲಿ, ಗಾಳಿ ಮುಟ್ಟದ ಕಡೆ, ಮುಲ್ತೆ ಇಡೀ ನೆಲ ಕೇಸರಿಯಾಗುವಷ್ಟು ಹರಡಿಕೊಂಡಿತ್ತು. ಸುನ್ನಿವಾ ಮೊಣಕಾಲೂರಿದಳು. ಬಕೆಟ್ಟಿನ ತಳ ಮುಚ್ಚುವ ಹೊತ್ತಿಗೆ ಒಮ್ಮೆ ತಲೆಯೆತ್ತಿ ರಸ್ತೆಯ ಕಡೆ ನೋಡಿದಳು. ಅತ್ತೆ ಎಚ್ಚರವಾದ ಲೈಲಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪುಟ್ಟ ಬೆರಳನ್ನು ಹಿಡಿದು ಸಮುದ್ರದ ಆಚೆ ದಿಕ್ಕಿಗೆ, ಏನೂ ಇಲ್ಲದ ಒಂದು ಗುಡ್ಡದ ಕಡೆಗೆ, ಹಣ್ಣಿರುವುದು ಅಲ್ಲೇ ಎಂಬಂತೆ ಬಹಳ ಶ್ರದ್ಧೆಯಿಂದ ತೋರಿಸುತ್ತಿದ್ದರು.