ಸಿಲ್ವರ್ ಮರದಡಿ ಹೋಗಿ ಬರುವ ಡಾಕ್ಟರು

ಗೋಣಿಬೀಡಿನ ಡಾಕ್ಟರ್ ದಯಾನಂದರಿಗೆ ಮೂತ್ರದ ತೊಂದರೆ ಇದೆಯೆಂದು ಊರೆಲ್ಲ ನಂಬಿದೆ, ಅವರೂ ಅಲ್ಲಗಳೆದಿಲ್ಲ. ರೋಗಿಯನ್ನು ನೋಡುತ್ತಿದ್ದಂತೆಯೇ "ಒಂದ್ ನಿಮಿಷ" ಎಂದು ಎದ್ದು ಹಿತ್ತಲಿಗೆ ಹೋಗುತ್ತಾರೆ. ನಿಜವಾಗಿ ಹೋಗುವುದು ಸಿಲ್ವರ್ ಮರದ ಬುಡಕ್ಕೆ. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಅಲ್ಲಿ ನಿಂತು ಯಾವ ಮಾತ್ರೆ ಎಷ್ಟು, ಯಾವುದರ ಜತೆ ಯಾವುದು ಕೂಡದು ಎಂದು ಫೋನಿನಲ್ಲಿ ಓದಿಕೊಂಡು, ಎಲ್ಲ ಮೊದಲೇ ಗೊತ್ತಿದ್ದವರಂತೆ ಬಂದು ಕೂರುತ್ತಾರೆ. ಇಪ್ಪತ್ತೆಂಟು ವರ್ಷಗಳ ಅನುಭವದ ಡಾಕ್ಟರು ಫೋನು ನೋಡಿ ಔಷಧಿ ಬರೆಯುತ್ತಾರೆಂದು ತಿಳಿದರೆ ಜನ ಮೂಡಿಗೆರೆ ಬಸ್ಸು ಹತ್ತಿಯಾರೆಂಬ ಭಯ ಅವರಿಗೆ. ಅದಕ್ಕೇ ಪಕ್ಕದ ಮನೆಯ ನಂಜಮ್ಮ ಮೂತ್ರದ ತೊಂದರೆಗೆಂದು ಕರುಣೆಯಿಂದ ತರುವ ಬಾಳೆದಿಂಡಿನ ರಸವನ್ನು ಕಣ್ಣುಮುಚ್ಚಿ ಕುಡಿಯುತ್ತಾರೆ. "ನಮ್ದು ಆಮೇಲಾಯ್ತು, ಮೊದ್ಲು ನಿಮ್ದು ಎಲ್ಲಾದ್ರೂ ತೋರಿಸ್ಕೊಳಿ ಮಾರಾಯ್ರೇ" ಎಂಬ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಭೂತಯ್ಯನವರ ಕುಹಕಕ್ಕೂ ನಗುತ್ತಾರೆ. ಮೊನ್ನೆ ಕಾಫಿ ಕೊಯ್ಯುವ ಕುಸುಮಾ ತಲೆನೋವೆಂದು ಬಂದಳು. ಔಷಧಿ ಕಂಪನಿಯವರು ಹೊಗಳಿ ಹೋಗಿದ್ದ ಹೊಸ ಮಾತ್ರೆಯನ್ನು ಬರೆದುಕೊಟ್ಟರು. ಅವಳು ಬಾಗಿಲಲ್ಲಿ ತಿರುಗಿ, "ನಂಗೀಗ ಮೂರು ತಿಂಗ್ಳು ಡಾಕ್ಟ್ರೇ, ನುಂಗ್ಬೋದಾ?" ಎಂದಳು. ಡಾಕ್ಟರು ಹಿತ್ತಲಿಗೆ ಹೋದರು. ಬಂದವರು ಕೂರಲಿಲ್ಲ; ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹರಿದರು. "ಇದು ಬೇಡಮ್ಮ, ಮಗುವಿಗೆ ಆಗಲ್ಲ. ನಂಗೆ ಗೊತ್ತಿರ್ಲಿಲ್ಲ. ಫೋನಲ್ಲಿ ನೋಡ್ಕೊಂಡ್ ಬಂದೆ." ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಮೊದಲು ಯಾರು ಎದ್ದು ಹೋಗುತ್ತಾರೋ ಎಂದು ಡಾಕ್ಟರು ಕಾದರು. ಎದ್ದವರು ಭೂತಯ್ಯ. ಅವರು ನೇರ ಮೇಜಿನ ಬಳಿ ಬಂದು, ಆರು ವರ್ಷದಿಂದ ನುಂಗುತ್ತಿರುವ ಬಿ.ಪಿ. ಮಾತ್ರೆಯನ್ನು ಜೇಬಿನಿಂದ ತೆಗೆದಿಟ್ಟು, ತಗ್ಗಿದ ದನಿಯಲ್ಲಿ, "ಇದನ್ನೂ ಒಂದ್ಸಲ ನೋಡ್ಕೊಂಡ್ ಬನ್ನಿ" ಎಂದರು.